ಗಾಣಕ್ಕೆ ಬಿದ್ದ ಮುದ್ರೆ

"ಗುರುಗಳೇ, ಶಿಕ್ಷೆ ಮುಗಿಸಿ ಬಂದವನ ಮೇಲೆ ನ್ಯಾಯಸ್ಥಾನದ ಬಾಕಿ ಉಳಿದಿದ್ದರೆ, ಅದನ್ನು ಮನ್ನಾ ಮಾಡುವುದು ಸರಿಯೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳತೊಡಗಿದರು:

ಒಬ್ಬ ಗಾಣಿಗನಿದ್ದ. ಆಸೆಗೆ ಬಿದ್ದು ಅಡುಗೆಯ ಎಳ್ಳೆಣ್ಣೆಗೆ ದೀಪದ ಹೊಂಗೆ ಎಣ್ಣೆ ಬೆರೆಸಿ ಮಾರಿದ. ಉಂಡವರು ಹಾಸಿಗೆ ಹಿಡಿದರು. ನ್ಯಾಯಾಧಿಕಾರಿ ಅವನನ್ನು ಕೋಟೆಗೆ ಕಲ್ಲು ಹೊರಲು ಕಳಿಸಿದ. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಗಾಣಿಗ ತಕರಾರು ಎತ್ತದೆ ಮೂರು ವರ್ಷ ಕಲ್ಲು ಹೊತ್ತ.

ಬಿಡುಗಡೆಯಾಗಿ ಮನೆಗೆ ಬಂದರೆ ಗಾಣಕ್ಕೆ ಅರಮನೆಯ ಮುದ್ರೆ ಬಿದ್ದಿತ್ತು. ಕಾಲಿಗೆ ಹಾಕಿದ ಬೇಡಿಯ ಬಾಡಿಗೆ, ಕಾವಲುಗಾರನ ಕೂಲಿ, ಸೆರೆಯಲ್ಲಿ ಕುಡಿದ ಗಂಜಿಯ ಬೆಲೆ, ಇಷ್ಟನ್ನೂ ತೀರಿಸುವವರೆಗೆ ಅವನು ಗಾಣ ಮುಟ್ಟಕೂಡದು. ಗಾಣ ತಿರುಗದೆ ಹಣ ಬಾರದು, ಹಣ ಬಾರದೆ ಗಾಣ ತಿರುಗದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಶಿಕ್ಷೆ ಬಿಟ್ಟರೂ ನ್ಯಾಯಸ್ಥಾನದ ಗುಮಾಸ್ತ ಬಿಡಲಿಲ್ಲ. ಹೆಂಡತಿ ಕಂಡವರ ಮನೆಯಲ್ಲಿ ಭತ್ತ ಕುಟ್ಟಿದಳು. ಗಾಣದ ಎತ್ತನ್ನೂ ಮಾರಬೇಕಾಗಿ ಬಂದಾಗ ಗಾಣಿಗ ನ್ಯಾಯಾಧಿಕಾರಿಯ ಮುಂದೆ ಹೋಗಿ ನಿಂತ.

"ಸ್ವಾಮಿ, ಶಿಕ್ಷೆ ಮುಗಿಸಿದ್ದೇನೆ. ಶಿಕ್ಷೆಯ ಖರ್ಚು ಮುಗಿಯುತ್ತಿಲ್ಲ."

ಅಧಿಕಾರಿಗೆ ನಾಚಿಕೆಯಾಯಿತು. "ಶಿಕ್ಷೆ ಕೊಟ್ಟವರು ನಾವು. ಅದರ ಖರ್ಚೂ ನಮ್ಮದೇ" ಎಂದು ಬಾಕಿಯನ್ನೆಲ್ಲ ಮನ್ನಾ ಮಾಡಿ ಮುದ್ರೆ ತೆಗೆಸಿದ.

ಗಾಣ ಮತ್ತೆ ತಿರುಗಿತು. ಆ ಉಪಕಾರವನ್ನು ನೆನೆದಷ್ಟೂ ಗಾಣಿಗನಿಗೆ ಎದೆ ತುಂಬಿ ಬರುತ್ತಿತ್ತು. ಮೊದಲ ಎಣ್ಣೆಯನ್ನು ತಂಬಿಗೆಯಲ್ಲಿ ತುಂಬಿಕೊಂಡು ಅಧಿಕಾರಿಯ ಮನೆಗೆ ಹೋದ. ಅಧಿಕಾರಿ ಮಕ್ಕಳೊಡನೆ ಊಟಕ್ಕೆ ಕೂತಿದ್ದ. ಗುಮಾಸ್ತನೂ ಅಲ್ಲಿದ್ದ.

"ಸ್ವಾಮಿ, ಮೊದಲು ನಾಯಿಗೆ ಹಾಕಿ ನೋಡೋಣ" ಎಂದ ಗುಮಾಸ್ತ.

ಗಾಣಿಗನ ಮುಖ ಕಪ್ಪಿಟ್ಟಿತು. ತಂದದ್ದೇ ತಪ್ಪಾಯಿತು, ಹಿಂದಕ್ಕೆ ಒಯ್ದುಬಿಡೋಣ ಎನ್ನಿಸಿತು. ಅಷ್ಟರಲ್ಲಿ ಅಧಿಕಾರಿ ತಂಬಿಗೆಗೆ ಕೈ ಚಾಚಿದ. ಎಣ್ಣೆಯನ್ನು ಮೂಸಿಯೂ ನೋಡದೆ ಬಿಸಿ ಅನ್ನದ ಮೇಲೆ ಸುರಿದುಕೊಂಡ. ಮಕ್ಕಳ ಎಲೆಗೂ ಬಡಿಸಿದ. ಎಲ್ಲರೂ ಉಂಡರು. ಕಲ್ಲು ಹೊರುವಾಗ ಒಮ್ಮೆಯೂ ಅಳದಿದ್ದ ಗಾಣಿಗ ಅಂದು ಕಂಬಕ್ಕೆ ಒರಗಿ ಅತ್ತ.

ಕತೆ ಮುಗಿದರೂ ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಗುರುಗಳೇ, ಸೆರೆ ಮುಗಿಯಿತು, ಬಾಕಿಯೂ ಹೋಯಿತು. ನಾಳೆ ಅವನು ಮತ್ತೆ ಬೆರಕೆ ಮಾಡದಂತೆ ತಡೆಯುವವರು ಯಾರು?"

ಗುರುಗಳು ಹೇಳಿದರು: "ಆ ಎಣ್ಣೆಯನ್ನು ಮೂಸಿಯೂ ನೋಡದೆ ಉಂಡವನು."