ಜಗಲಿಯ ಮೇಲಿನ ತರಗತಿ

"ಗುರುಗಳೇ, ದೇಶದ ಶಾಲೆಗಳಿಗೆಲ್ಲ ಒಂದೇ ಹೊಸ ಪಾಠಕ್ರಮ ತರುವ ಶಾಸನ ಬರೆದು ಮುಗಿಸಿದ್ದೇನೆ. ಒಮ್ಮೆಲೇ ಹೇರುವುದಿಲ್ಲ, ವರ್ಷಕ್ಕೊಂದು ತರಗತಿಯಂತೆ ತರುತ್ತೇವೆ. ಇಷ್ಟು ನಿಧಾನವಾಗಿ ತಂದರೆ ಯಾರಿಗಾದರೂ ತೊಂದರೆಯಾದೀತೇ?" ಎಂದು ನಿಜಗುಣ ಕೇಳಿದ. ಅವನು ಮಠದಲ್ಲಿ ಓದಿ, ಅರಮನೆಯಲ್ಲಿ ಶಾಸನ ಬರೆಯುವ ಕೆಲಸಕ್ಕೆ ಸೇರಿದ್ದ.

ಗುರುಗಳು ಕರಡನ್ನು ಪೂರ್ತಿ ಓದಿ ಪಕ್ಕಕ್ಕಿಟ್ಟರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಅರಸ ಇಂಥದೇ ಶಾಸನ ಮಾಡಿದ. ನಿಧಾನವೇ ಪ್ರಧಾನ ಎಂದು ಬಲ್ಲವನು. ಈ ವರ್ಷ ಒಂದನೆಯ ತರಗತಿಗೆ ಹೊಸ ಪಾಠ, ಬರುವ ವರ್ಷ ಎರಡನೆಯದಕ್ಕೆ, ಹೀಗೆ ಮೇಲೇರುತ್ತ ಹೋಗಬೇಕು. ಹಳೆಯದನ್ನು ಕಲಿಯುತ್ತಿದ್ದವರು ಹಳೆಯದರಲ್ಲೇ ಓದಿ ಮುಗಿಸಬೇಕು. ಊರೂರಿನ ಮೇಷ್ಟ್ರುಗಳು ತಲೆದೂಗಿದರು.

ಆಗ ಒಬ್ಬ ಕುಂಬಾರನ ಮಗಳು ಎರಡನೆಯ ತರಗತಿಯಲ್ಲಿದ್ದಳು. ಹಳೆಯ ಪಾಠ ಕಲಿಯುವವರಲ್ಲಿ ಅವಳದೇ ಕೊನೆಯ ತಂಡ. ವರ್ಷ ಮುಗಿದಾಗ ಮೇಲಿನವರು ತಮ್ಮ ಪುಸ್ತಕಗಳನ್ನು ಕೆಳಗಿನವರಿಗೆ ಕೊಡುವುದು ಆ ಶಾಲೆಯ ರೂಢಿ. ಅವಳಿಗೂ ಪುಸ್ತಕ ಸಿಕ್ಕಿತು. ಅವಳದನ್ನು ಕೇಳುವವರು ಮಾತ್ರ ಯಾರೂ ಇರಲಿಲ್ಲ. ದೊಡ್ಡ ದುಃಖವೇನಲ್ಲ, ಆದರೂ ಅವಳಿಗೆ ಬೇಸರವಾಯಿತು.

ನಾಲ್ಕನೆಯ ತರಗತಿಯಲ್ಲಿ ಅವಳಿಗೆ ವಿಷಮಜ್ವರ ಬಂತು. ಅರ್ಧ ವರ್ಷ ಹಾಸಿಗೆ ಹಿಡಿದಳು. ಪರೀಕ್ಷೆ ತಪ್ಪಿತು. ಹಿಂದೆಲ್ಲ ಹೀಗಾದರೆ ಮಕ್ಕಳು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರುತ್ತಿದ್ದರು. ಅವಳು ಎದ್ದು ಬರುವಷ್ಟರಲ್ಲಿ ಆ ತರಗತಿಗೆ ಹೊಸ ಪಾಠ ಬಂದಾಗಿತ್ತು. ಅಲ್ಲಿನ ಮಕ್ಕಳು ಮೂರು ವರ್ಷ ಕಲಿತುಬಂದದ್ದು ಅವಳಿಗೆ ಒಂದಕ್ಷರವೂ ತಿಳಿಯದು. ಗೆಳತಿಯರು ಐದನೆಯದರಲ್ಲಿದ್ದರು. ಪರೀಕ್ಷೆಗೆ ಕೂರದವಳನ್ನು ಅಲ್ಲಿಗೆ ಸೇರಿಸುವಂತಿರಲಿಲ್ಲ.

"ಮೇಷ್ಟ್ರೇ, ನಾನು ಎಲ್ಲಿ ಕೂತ್ಕೊಳ್ಲಿ?" ಎಂದಳು.

"ಸದ್ಯ ಜಗಲಿ ಮೇಲೆ ಕೂತಿರವ್ವ. ಕೇಳ್ಕೊಂಡು ಬರ್ತೀನಿ" ಎಂದು ಮೇಷ್ಟ್ರು ರಾಜಧಾನಿಗೆ ನಡೆದರು.

ಅಲ್ಲಿಯ ಅಧಿಕಾರಿ ಶಾಸನವನ್ನೆಲ್ಲ ತಿರುವಿಹಾಕಿ, "ಒಬ್ಬಳಿಗೋಸ್ಕರ ಶಾಸನ ತಿದ್ದೋಕಾಗುತ್ತೇನ್ರೀ?" ಎಂದ.

ಮೇಷ್ಟ್ರು ಬಂದ ದಾರಿಯಲ್ಲೇ ಹಿಂತಿರುಗಿದರು. ಬಿಡುವಾದಾಗ ಅವಳಿಗೆ ಹಳೆಯ ಪಾಠ ಹೇಳಿಕೊಟ್ಟರು. ಆದರೆ ನಾಲ್ಕನೆಯದರ ಹಳೆಯ ಪರೀಕ್ಷೆಯನ್ನೇ ಅರಮನೆ ನಿಲ್ಲಿಸಿಬಿಟ್ಟಿತ್ತು.

ಹುಡುಗಿ ಜಗಲಿಯಲ್ಲೇ ಉಳಿದಳು. ಐದನೆಯವರ ಕೋಣೆಯಲ್ಲಿ ಮೇಷ್ಟ್ರು ಕೇಳಿದ ಪ್ರಶ್ನೆಗೆ ಕೆಲವೊಮ್ಮೆ ಅವಳಿಗೆ ಉತ್ತರ ಗೊತ್ತಿರುತ್ತಿತ್ತು. ಕೈ ಎತ್ತುತ್ತಿದ್ದಳು. ಗೋಡೆಯಾಚೆಗೆ ಕಾಣಬೇಕಲ್ಲ! ಗೆಳತಿಯರು ಮೊದಮೊದಲು ಅವಳ ಪಕ್ಕದಲ್ಲೇ ಬುತ್ತಿ ಬಿಚ್ಚಿದರು. ಬರಬರುತ್ತ ಅವರಿಗೆ ತಮ್ಮ ಪಾಠದ ಮಾತೇ ಹೆಚ್ಚಾಯಿತು. ಒಬ್ಬಳೇ ಉಣ್ಣುವುದು ಅವಳಿಗೆ ಅಭ್ಯಾಸವಾಯಿತು. ಮಕ್ಕಳಿಗೆ ಆಗಬಾರದ ಅಭ್ಯಾಸ ಅದು.

ವರ್ಷಗಳು ಕಳೆದು ಹೊಸ ಪಾಠ ಕೊನೆಯ ತರಗತಿಯನ್ನೂ ಮುಟ್ಟಿತು. ಒಂದು ಮಗುವಿಗೂ ತೊಂದರೆಯಾಗದೆ ಶಾಸನ ಜಾರಿಯಾಯಿತೆಂದು ಅರಸ ಡಂಗುರ ಸಾರಿಸಿದ. ಸುಳ್ಳೇನೂ ಹೇಳಲಿಲ್ಲ. ಅವನ ಜನ ಪ್ರತಿ ಶಾಲೆಗೂ ಹೋಗಿ ತರಗತಿ ತರಗತಿಯಲ್ಲೂ ಮಕ್ಕಳನ್ನು ವಿಚಾರಿಸಿದ್ದರು. ಜಗಲಿ ಯಾವ ತರಗತಿಗೂ ಸೇರಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. "ಆಮೇಲೆ ಆ ಹುಡುಗಿ ಏನಾದಳು?" ಎಂದು ನಿಜಗುಣ ಕೇಳಿದ.

ಗುರುಗಳು ಕರಡನ್ನು ಅವನ ಕೈಗೆ ಕೊಟ್ಟರು.

"ನೀನೇ ಹೇಳಪ್ಪ, ಇದರಲ್ಲಿ ಅವಳನ್ನು ಎಲ್ಲಿ ಕೂರಿಸಿದ್ದೀಯೆ?"