ಡೀಸೆಲ್ ಕುಡುಕ ಪಿಕಪ್

ಕುಷ್ಟಗಿ ಕಡೆಯ ಶಿವಗಂಗಮ್ಮನ ಹತ್ತಿರ ಎರಡು ಪಿಕಪ್ ಗಾಡಿಗಳಿದ್ದವು. ಒಂದೇ ಕಂಪನಿ, ಒಂದೇ ಎಂಜಿನ್, ಬಣ್ಣವೂ ಒಂದೇ. ಡ್ರೈವರ್ ಗಿಡ್ಡಪ್ಪನ ಗಾಡಿ ದಾಳಿಂಬೆ ಹೇರಿಕೊಂಡು ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ ಹೋಗುತ್ತಿತ್ತು. ಇನ್ನೊಬ್ಬ ಡ್ರೈವರ್ ಹೊನ್ನೂರಪ್ಪನ ಗಾಡಿ ಕ್ವಾರಿಯ ತಗ್ಗಿಗಿಳಿದು ಕಲ್ಲು ಹೊತ್ತು ಮೇಲೆ ಬರುತ್ತಿತ್ತು.

ಆ ವರ್ಷ ಮಳೆನೀರು ತುಂಬಿ ಕ್ವಾರಿ ನಿಂತಿತು. ಹೊನ್ನೂರಪ್ಪನೂ ದಾಳಿಂಬೆ ಹೇರಿಕೊಂಡು ಹುಬ್ಬಳ್ಳಿಗೆ ಹೊರಟ. ತಕರಾರು ಶುರುವಾದದ್ದೇ ಅಲ್ಲಿಂದ. ಅದೇ ರಸ್ತೆ, ಅಷ್ಟೇ ಲೋಡು, ಆದರೂ ಅವನ ಗಾಡಿಗೆ ಡೀಸೆಲ್ ಹೆಚ್ಚು ಬೇಕು!

ಶಿವಗಂಗಮ್ಮನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅಮಾವಾಸ್ಯೆಯ ಗಾಡಿಪೂಜೆಯಲ್ಲಿ ಹೆಚ್ಚು ಮೈಲೇಜ್ ಕೊಟ್ಟ ಗಾಡಿಗೆ ಚೆಂಡುಹೂವಿನ ಹಾರ, ಇನ್ನೊಂದಕ್ಕೆ ಬರೀ ನಿಂಬೆಹಣ್ಣು. ಈ ಸಲವೂ ಹಾರ ಗಿಡ್ಡಪ್ಪನ ಗಾಡಿಗೇ ಬಿತ್ತು. ಅವನು ತಾನೇ ಎಂಜಿನ್ ಮಾಡಿದವನ ಹಾಗೆ ಮೀಸೆ ತಿರುವಿದ. ಶಿವಗಂಗಮ್ಮ ಎಲ್ಲರೆದುರೇ ಕೇಳಿಬಿಟ್ಟಳು.

“ಖರೇ ಹೇಳು ಹೊನ್ನೂರಪ್ಪ, ಡೀಸೆಲ್ ಎಲ್ಲಿ ಮಾರ್ತಿ?”

ಹೊನ್ನೂರಪ್ಪನ ಮುಖ ಕೆಂಪಾಯಿತು. “ಬೇಕಾದ್ರ ಕೆಲಸ ಬಿಡಿಸ್ರಿ ಅಕ್ಕಾರ. ಕಳ್ಳ ಅನ್ನಬ್ಯಾಡ್ರಿ.”

“ನಾಳಿ ಕ್ವಾರಿ ಚಾಲೂ ಆಗ್ತದ. ಎರಡೂ ಗಾಡಿ ಕಲ್ಲು ಹೊರ್ಲಿ. ಅಲ್ಲೂ ನಿನ್ನ ಗಾಡೀನ ಹೆಚ್ಚು ಕುಡಿದ್ರ, ಕೀಲಿ ಇಟ್ಟು ಹೋಗು.”

ಮರುದಿನ ಎರಡೂ ಟ್ಯಾಂಕ್ ಭರ್ತಿ ಮಾಡಿ, ಸಮಸಮ ಕಲ್ಲು ಹೇರಿದರು. ಅರ್ಧ ಏರಿಗೇ ಗಿಡ್ಡಪ್ಪನ ಗಾಡಿ ಏದುಸಿರು ಬಿಟ್ಟಿತು. ಅವನು ಮೊದಲ ಗೇರಿಗೆ ಇಳಿಸಿದ, ಎಕ್ಸಲರೇಟರ್ ತುಳಿದ. ಕಪ್ಪು ಹೊಗೆ ಬಂತು, ಕ್ಲಚ್ ಸುಟ್ಟ ವಾಸನೆ ಬಂತು, ಗಾಡಿ ಮಾತ್ರ ಹಿಂದಕ್ಕೆ ಜಾರತೊಡಗಿತು. ಕೆಲಸದವರು ಓಡಿಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ಪಾಪ, ಅರ್ಧ ಲೋಡು ಇಳಿಸಿ ಎರಡೆರಡು ಸಲ ಏರಬೇಕಾಯಿತು. ಹೊನ್ನೂರಪ್ಪನ ಗಾಡಿಯೋ, ಪೂರ್ತಿ ಕಲ್ಲು ಹೊತ್ತು ಎರಡನೇ ಗೇರಿನಲ್ಲೇ ಮೇಲೆ ಬಂದು ನಿಂತಿತು. ಸಂಜೆ ಡೀಸೆಲ್ ಹಾಕಿಸಿದರೆ ಹೆಚ್ಚು ಕುಡಿದದ್ದು ಹಾರ ಗೆದ್ದ ಗಾಡಿ!

ಶಿವಗಂಗಮ್ಮ ಮೆಕ್ಯಾನಿಕ್ ಖಲೀಲನನ್ನು ಕ್ವಾರಿಗೇ ಕರೆಸಿದಳು. ಅವನು ಹಿಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ, ಸೀಮೆಸುಣ್ಣದ ಗುರುತು ಹಾಕಿ ತಿರುಗಿಸಿ ನೋಡಿದ. ಚಕ್ರ ಒಂದು ಸುತ್ತು ಬರಲು ಗಿಡ್ಡಪ್ಪನ ಗಾಡಿಯಲ್ಲಿ ಎಂಜಿನ್ ಕಡೆಯಿಂದ ಬರುವ ಶಾಫ್ಟ್ ನಾಲ್ಕು ಸುತ್ತು ತಿರುಗಿತು, ಹೊನ್ನೂರಪ್ಪನದು ಐದು.

“ಎಂಜಿನ್ ಒಂದ ಅಕ್ಕಾ, ಹಿಂದಿನ ಆಕ್ಸಲ್‌ನಾಗ ಗೇರಿನ ಹಲ್ಲಿನ ಲೆಕ್ಕ ಬ್ಯಾರೆ,” ಎಂದ ಖಲೀಲ. “ಐದು ಸುತ್ತಿನದು ಭಾರ ಎಳೀತದ. ಸಪಾಟ ರಸ್ತ್ಯಾಗ ಮಾತ್ರ ಎಂಜಿನ್ ಜಾಸ್ತಿ ತಿರುಗಿ ಡೀಸೆಲ್ ಕುಡೀತದ. ನಾಲ್ಕರದು ರಸ್ತ್ಯಾಗ ಉಳಸ್ತದ, ಏರಿನ್ಯಾಗ ಸೋಲ್ತದ.”

ಶಿವಗಂಗಮ್ಮ ಗಟ್ಟಿಗಿತ್ತಿ. ತಪ್ಪು ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಲಿಲ್ಲ. ಕ್ವಾರಿಯ ಮಂದಿಯನ್ನೆಲ್ಲ ಕೂಗಿ ಕರೆದಳು.

“ಹೊನ್ನೂರಪ್ಪ, ನಾಲ್ಕು ಮಂದಿ ಮುಂದ ನಿನ್ನ ಕಳ್ಳ ಅಂದಿದ್ದೆ. ಈಗ ಎಲ್ಲರ ಮುಂದ ಹೇಳ್ತೀನಿ, ತಪ್ಪು ನಂದು. ಈ ಏರು ಹತ್ತೋ ಗಾಡಿ ನಿಂದ.”

ಹೊನ್ನೂರಪ್ಪನ ಎದೆ ಹೆಮ್ಮೆಯಿಂದ ಉಬ್ಬಿತು. ಅವನು ಸೀಟಿಗೆ ಹತ್ತಿ ಕೂತು, ಇಡೀ ಕ್ವಾರಿಗೆ ಕೇಳುವಂತೆ ಹೇಳಿದ:

“ಹೇರ್ರಿ ಕಲ್ಲು!”

ನೀತಿ: ಮಕ್ಕಳೇ, ಒಬ್ಬರು ಹೊರುವ ಭಾರ, ಹತ್ತುವ ಏರು ನೋಡದೆ ಅವರ ಬೆಲೆ ಕಟ್ಟಬೇಡಿ. ಅನುಮಾನ ಬಂದರೆ ಮೊದಲು ಗಾಡಿಯನ್ನು ಪರೀಕ್ಷಿಸಿ. ಮನುಷ್ಯನ ಮಾನಕ್ಕೆ ಕೈಹಾಕಲು ಅವಸರ ಬೇಡ.