ತಿಳಿನೀರಿನ ಕಾಲುವೆ

೧೯೭೧ರ ಮೇ ೧೮, ಮಂಗಳವಾರ. ಅಂದಿನ ದಿನಚರಿಯಲ್ಲಿ ಮಠದ ಸ್ವಾಮಿಗಳಾದ ಅಜ್ಜನವರಿಗೆ ನಾನು ಕೇಳಿದ ಪ್ರಶ್ನೆ ಹೀಗಿದೆ: “ಮನೆಯಲ್ಲಿ ಮಾತು ತಿಳಿಯಾಗಿರಬೇಕೆಂದು ಬಯಸುವುದು ತಪ್ಪೇ?”

ನಾನು ಬಿ.ಎ. ಓದಿದವಳು. ಹದಿನಾಲ್ಕು ಜನರ ಮನೆಯ ಯಜಮಾನಿಕೆ ನನ್ನ ಕೈಯಲ್ಲಿತ್ತು. ಯಜಮಾನರ ಅಕ್ಕ ನೀಲಕ್ಕನವರ ಬಾಯಿ ಒರಟು. ಯಾರ ಮನಸ್ಸಿನಲ್ಲಿ ಏನಿದ್ದರೂ ಅದನ್ನು ಊಟದ ಪಂಕ್ತಿಯಲ್ಲೇ ಎತ್ತಿ ಆಡುತ್ತಿದ್ದರು. ಎರಡು ತಿಂಗಳ ಹಿಂದೆ ಅವರನ್ನು ಗದಗಿನ ಮಗಳ ಮನೆಗೆ ಕಳಿಸಿದ್ದೆ. ಮನೆ ಶಾಂತವಾಯಿತು. ಆದರೆ ಮೈದುನರಿಬ್ಬರು ಬೇರೆ ಒಲೆ ಹೂಡುವ ಯೋಚನೆಯಲ್ಲಿದ್ದರು.

ಅಜ್ಜನವರು ಹೇಳಿದರು:

“ಉತ್ತರದ ಹಿಮಾಲಯದಲ್ಲಿ ಒಂದು ಹೊಳೆ. ಹಿಮದ ಗಡ್ಡೆ ಜಾರುತ್ತ ಬಂಡೆಯನ್ನು ಅರೆದ ಹುಡಿ ಅದರಲ್ಲಿ ಸದಾ ಇರುತ್ತದೆ. ನೀರು ಬೂದಿ ಕಲಸಿದ ಹಾಗೆ. ಅದನ್ನೇ ಕಲ್ಲಿನ ಕಾಲುವೆಯಲ್ಲಿ ಮೂರು ಮೈಲಿ ಒಯ್ದು ಊರಿನವರು ಜವೆಗೋಧಿ ಬೆಳೆಯುತ್ತಿದ್ದರು. ವರ್ಷಕ್ಕೊಮ್ಮೆ ಹೂಳು ತೆಗೆಯುವರು. ತಳದಲ್ಲಿ ಒಂದು ಬೆರಳಷ್ಟು ಬಿಡುವುದು ರೂಢಿ.

“ಒಬ್ಬ ರೈತನಿಗೆ ಈ ಕೆಲಸ ಸಾಕಾಯಿತು. ಅವನ ಹೊಲ ಕಾಲುವೆಯ ಕೊನೆಯಲ್ಲಿತ್ತು. ಅವನು ಕಾಲುವೆಯ ತಲೆಯಲ್ಲಿ ಆಳವಾದ ಗುಂಡಿ ತೋಡಿದ. ಹುಡಿಯೆಲ್ಲ ಅಲ್ಲೇ ತಂಗಿತು. ಕಾಲುವೆಯನ್ನು ತಳದವರೆಗೂ ಕೆರೆದು ತೊಳೆದ. ತಿಳಿನೀರು ಹರಿಯಿತು. ಊರು ಹೊಗಳಿತು.

“ಒಬ್ಬ ಮುದುಕಿ ಕೇಳಿದಳು: ‘ನೀರಿಗೆ ಸ್ನಾನ ಮಾಡಿಸಿದೆ, ಸರಿ. ಕಾಲುವೆಯನ್ನು ಒಂದು ಮಾತು ಕೇಳಿದೆಯಾ?’

“‘ಅದಕ್ಕೆಲ್ಲಿಯ ಬಾಯಿ, ಅಜ್ಜಿ?’

“‘ಮೈತುಂಬ ಇದೆ ಮಗನೇ. ಇಷ್ಟು ದಿನ ಮುಚ್ಚಿತ್ತು.’

“ಕಲ್ಲುಗಳ ಸಂದುಗಳನ್ನು ಮುಚ್ಚಿದ್ದದ್ದು ಆ ಹುಡಿಯೇ. ಈಗ ಸಂದು ಸಂದಿನಲ್ಲೂ ನೀರು ಸೋರಿತು. ಜವೆ ತೆನೆಕಟ್ಟುವ ಹೊತ್ತಿಗೆ ರೈತನ ಹೊಲದಲ್ಲಿ ಕಾಲುವೆ ಒಣಗಿತ್ತು. ಅವನು ಗುಂಡಿ ಮುಚ್ಚಿದ. ಕಾಲುವೆ ಮತ್ತೆ ನೀರು ಹಿಡಿಯಲು ಎರಡು ವರ್ಷ ಬೇಕಾಯಿತು.”

ನಾನು ಹೇಳಿದೆ: “ಆದರೂ ನೀರು ತಿಳಿಯಾಗಿತ್ತಲ್ಲ, ಅಜ್ಜನವರೇ.”

“ತಿಳಿಯಾಗಿತ್ತು, ತಾಯಿ. ಹೊಲ ಮುಟ್ಟಲಿಲ್ಲ.”



ನೀಲಕ್ಕನವರನ್ನು ಕರೆತರಲು ಗದಗಿಗೆ ಮೂರು ಸಲ ಹೋದೆ. ಮೂರನೆಯ ಸಲ ಅವರ ಅಳಿಯನ ಎದುರಿಗೇ ಕಾಲು ಹಿಡಿದೆ. “ಏಳವ್ವಾ, ಇಸ್ತ್ರಿ ಸೀರಿ ಮುದ್ದಿ ಆಗ್ತದ” ಎಂದು ನೀಲಕ್ಕನವರು ಬಟ್ಟೆಯ ಗಂಟು ಕಟ್ಟಿದರು. ಹಿರಿಯ ಮೈದುನ ಉಳಿದರು. ಕಿರಿಯವರು ಅಷ್ಟರಲ್ಲಿ ಬೇರೆ ಒಲೆ ಹೂಡಿದ್ದರು. ಅವರ ನಾಲ್ಕು ತಟ್ಟೆಗಳು ನಮ್ಮ ಪಂಕ್ತಿಗೆ ಮತ್ತೆ ಬರಲಿಲ್ಲ.